ಅಪ್‌ಡೇಟ್: ಪುಣೆ–ಹುಬ್ಬಳ್ಳಿ ಪ್ರಯಾಣ ಮತ್ತು ನನ್ನ ಸೊಂಟನೋವು

ಪುಣೆಯ ಕೋಥ್ರೂಡ್‌ನಿಂದ ಹುಬ್ಬಳ್ಳಿಯ ಮನೆಗೆ ಕಾರು ಓಡಿಸಿಕೊಂಡು ಹೋದಾಗಲೆಲ್ಲ ಮರುದಿನ ಬಗ್ಗಲಾಗದಂತೆ ಸೊಂಟ ಹಿಡಿದುಕೊಳ್ಳುತ್ತದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ನಿಮ್ಮೆಲ್ಲರ ಸಲಹೆ ಪಾಲಿಸಿ ಕಳೆದ ವಾರ ಹೋಗಿಬಂದೆ.

ಹಿಂದಿನ ಜೇಬಿನ ಪಾಕೀಟು ತೆಗೆದಿಟ್ಟು, ಸುರುಳಿ ಸುತ್ತಿದ ಟವೆಲನ್ನು ಸೊಂಟಪಟ್ಟಿಗಿಂತ ತುಸು ಮೇಲೆ, ಬೆನ್ನು ಒಳಕ್ಕೆ ಬಾಗುವಲ್ಲಿ ಇಟ್ಟುಕೊಂಡೆ. ಮೊದಲು ಅತಿಯಾಗಿ ದಪ್ಪ ಸುತ್ತಿದ್ದರಿಂದ ಖಂಬಾಟಕಿ ಘಾಟ್ ದಾಟುವಷ್ಟರಲ್ಲಿ ಅದೇ ಒತ್ತತೊಡಗಿತು. ಎರಡು ಸುತ್ತು ಬಿಚ್ಚಿ ಮುಂಗೈ ದಪ್ಪಕ್ಕೆ ಇಳಿಸಿದ ಮೇಲೆ ಹಿತವೆನಿಸಿತು. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳಲ್ಲಿ ಇಳಿದು ಐದೈದು ನಿಮಿಷ ನಡೆದೆ. ಚಹಾದ ನೆಪ ಇದ್ದೇ ಇತ್ತು.

ಎಡವಿದ್ದು ಮನೆಯ ಬಾಗಿಲಲ್ಲಿ. ಇಳಿದ ಕೂಡಲೇ ಡಿಕ್ಕಿಯಿಂದ ಬ್ಯಾಗು ಎತ್ತಿದೆ, ಬಲಗಡೆ ಚಳಕ್ ಎಂದಿತು. ಬಹಳ ಹೊತ್ತು ಬಾಗಿ ಕುಳಿತಾಗ ಬೆನ್ನುಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಅಸ್ಥಿರಜ್ಜುಗಳು ಹಿಗ್ಗಿ ಸಡಿಲಗೊಂಡಿರುವುದರಿಂದ ತಕ್ಷಣ ಭಾರ ಎತ್ತಬಾರದೆಂದು ನಿಮ್ಮಲ್ಲೊಬ್ಬರು ಬರೆದಿದ್ದರೂ ಅವ್ವನನ್ನು ಕಂಡ ಸಂಭ್ರಮದಲ್ಲಿ ಅದು ಮರೆತೇಹೋಗಿತ್ತು. ಮರಳಿ ಪುಣೆ ತಲುಪಿದಾಗ ಮೊದಲು ಅಂಗಳದಲ್ಲಿ ಅಡ್ಡಾಡಿ, ಬ್ಯಾಗನ್ನು ಮೈಗೆ ಒತ್ತಿಕೊಂಡು ಎತ್ತಿದೆ. ಮರುದಿನ ಬೆಳಿಗ್ಗೆ ನೋವಿಲ್ಲದೆ ಬಗ್ಗಿ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೊರಟೆ.