ಹಿತ್ತಾಳೆ ತಪ್ಪಲೆ, ಸಿಲ್ವರ್ ಪಾತ್ರೆ, ನಾನ್‌ಸ್ಟಿಕ್ ತವಾ: ಯಾವುದು ಇಟ್ಕೊಳ್ಳೋದು, ಯಾವುದು ಬಿಡೋದು?

ಮೂಡಿಗೆರೆ ಮಗಳು:
ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಹೊಸ ಮನೆ ಮಾಡಿದೀವಿ, ಅತ್ತೆ ಊರಿಂದ ಅವರ ಕಾಲದ ಹಿತ್ತಾಳೆ ತಪ್ಪಲೆ, ಬೀಡಿನ ಕಾವಲಿ ಕೊಟ್ಟು ಕಳ್ಸಿದಾರೆ. ನನ್ ಹತ್ರ ಮೊದ್ಲಿಂದ ಇರೋದು ಅನ್ನ, ಮುದ್ದೆ ಮಾಡೋ ಸಿಲ್ವರ್ ಪಾತ್ರೆಗಳು ಮತ್ತೆ ಗೀರು ಬಿದ್ದಿರೋ ಒಂದು ನಾನ್‌ಸ್ಟಿಕ್ ತವಾ. ತಪ್ಪಲೆ ಒಳಗಡೆ ಕಲಾಯಿ ಹೋಗಿ ತಳದಲ್ಲಿ ಅಂಗೈಯಗಲ ಹಳದಿ ಕಾಣ್ತಿದೆ, ಅಂಚಲ್ಲಿ ಹಸಿರು ಕಟ್ಟಿದೆ. ಚೆನ್ನಾಗಿ ಉಜ್ಜಿ ಬಸ್ಸಾರು ಮಾಡ್ಬಹುದಾ? ಸಿಲ್ವರ್ ಪಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತೆ ಅಂತ ವಾಟ್ಸಾಪಲ್ಲಿ ಬೇರೆ ಬರ್ತಾ ಇರುತ್ತೆ. ಮನೇಲಿ ಚಿಕ್ಕ ಮಗು ಇದೆ, ಅದಕ್ಕೆ ಕೇಳ್ತಿದೀನಿ, ಗೊತ್ತಿರೋರು ಹೇಳಿ.

ಕೊಪ್ಪದ ಅಕ್ಕ:
ಆ ತಪ್ಪಲೆಗೆ ಕಲಾಯಿ ಹಾಕ್ಸೋವರೆಗೂ ಅದ್ರಲ್ಲಿ ಸಾರು, ಹುಳಿ, ಮಜ್ಜಿಗೆ ಏನೂ ಬೇಡಮ್ಮ. ಹಸಿರು ಕಾಣ್ತಿದೆ ಅಂದ್ಯಲ್ಲ ಅದು ಕಿಲುಬು, ಹಿತ್ತಾಳೆಲಿರೋ ತಾಮ್ರದ್ದು. ಉಜ್ಜಿದ್ರೆ ಹೋಗುತ್ತೆ ನಿಜ, ಆದ್ರೆ ಹುಣಸೆಹಣ್ಣಿನ ನೀರು ಬಿದ್ದ ಕೂಡ್ಲೆ ತಾಮ್ರ ಮತ್ತೆ ಬಿಡೋಕೆ ಶುರು ಆಗುತ್ತೆ, ಹೊಟ್ಟೆ ತೊಳಸೋದು ವಾಂತಿ ಎಲ್ಲ ಅದ್ರಿಂದ್ಲೇ. ಕಲಾಯಿ ಅಂದ್ರೆ ತವರದ ಲೇಪ. ಪಾತ್ರೆನ ಕೆಂಡದ ಮೇಲೆ ಕಾಯ್ಸಿ ನವಸಾಗರದ ಪುಡಿ ಉದುರ್ಸ್ತಾರೆ, ಬಿಳೀ ಹೊಗೆ ಏಳುತ್ತೆ, ಆಗ ತವರದ ಕಡ್ಡಿ ತಾಗಿಸಿ ಹತ್ತಿಲಿ ಒಂದೇ ಸುತ್ತು ಒರೆಸಿದ್ರೆ ಒಳಗೆಲ್ಲ ಕನ್ನಡಿ ಥರ ಆಗೋಗುತ್ತೆ, ನಿಂತು ನೋಡ್ಬೇಕು ಅದನ್ನ. ತವರ 232 ಡಿಗ್ರಿಗೆ ಕರಗುತ್ತೆ, ಹಾಗಾಗಿ ಬರೀ ಪಾತ್ರೆನ ಜೋರು ಉರಿಲಿ ಇಡ್ಬೇಡ, ಒಗ್ಗರಣೆ ಬೇರೆ ಸೌಟಲ್ಲಿ ಮಾಡಿ ಹಾಕು. ಸ್ಟೀಲ್ ನಾರಲ್ಲಿ ಒಳಗೆ ಉಜ್ಜಲೇಬೇಡ, ಹುಣಸೆಹಣ್ಣು ಹಾಕಿ ತಿಕ್ಕೋದೆಲ್ಲ ಹೊರಗಡೆಗೆ ಮಾತ್ರ.

ವೆಲ್ಡಿಂಗ್ ಅಣ್ಣ, ಬೇಲೂರು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಲಾಯಿಯವರನ್ನ ಕೇಳಿ, ಶುದ್ಧ ತವರನಾ ಅಥ್ವಾ ಬೆಸುಗೆ ಹಾಕೋ ತವರನಾ ಅಂತ. ಬೆಸುಗೆದ್ರಲ್ಲಿ ಸಾಮಾನ್ಯವಾಗಿ ಸೀಸ ಬೆರೆತಿರುತ್ತೆ, ರೇಟೂ ಕಮ್ಮಿ, ಹಾಕಿದ್ಮೇಲೆ ಕಣ್ಣಲ್ಲಿ ನೋಡಿ ವ್ಯತ್ಯಾಸ ಹೇಳೋಕಾಗಲ್ಲ. ಮಕ್ಕಳ ಮೆದುಳಿಗೆ ಸೀಸ ಇಷ್ಟು ಹೋದ್ರೆ ಪರ್ವಾಗಿಲ್ಲ ಅನ್ನೋ ಲೆಕ್ಕನೇ ಇಲ್ಲ. ದುಡ್ಡು ಜಾಸ್ತಿ ಆದ್ರೂ ಶುದ್ಧ ತವರನೇ ಹಾಕ್ಸಿ.

ಸಿಲ್ವರ್ ಅಂದ್ರೆ ಅಲ್ಯುಮಿನಿಯಂ. ಅದ್ರಿಂದ ಮರೆವಿನ ಕಾಯಿಲೆ ಬರುತ್ತೆ ಅನ್ನೋದು ಇವತ್ತಿಗೂ ಸಾಬೀತಾಗಿಲ್ಲ. ಅನ್ನ, ಮುದ್ದೆ ಮಾಡ್ಕೊಳ್ಳಿ, ಹುಳಿ ಪದಾರ್ಥ ಕುದಿಸೋದು, ಮಿಕ್ಕಿದ ಸಾರನ್ನ ರಾತ್ರಿಯೆಲ್ಲ ಅದ್ರಲ್ಲೇ ಬಿಡೋದು ಬೇಡ. ಪಾತ್ರೆ ಯಾವ ಲೋಹದಿಂದ ಎರಕ ಹೊಯ್ದಿದ್ದು ಅನ್ನೋದೇ ನಿಜವಾದ ಚಿಂತೆ. 2025ರಲ್ಲಿ ಅಮೆರಿಕದಲ್ಲಿ ಆಹಾರ, ಔಷಧಿ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎಯವರು ಹೊರಗಿಂದ ಬಂದ ಕೆಲವು ಅಲ್ಯುಮಿನಿಯಂ, ಹಿತ್ತಾಳೆ, ಹಿಂಡಾಲಿಯಂ (ಅದೂ ಅಲ್ಯುಮಿನಿಯಂ ಮಿಶ್ರಲೋಹನೇ) ಪಾತ್ರೆಗಳಿಂದ ಸೀಸ ಊಟಕ್ಕೆ ಇಳಿಯುತ್ತೆ ಅಂತ ಎಚ್ಚರಿಕೆ ಕೊಟ್ಟಿದ್ರು. ಅದಕ್ಕೇ ಸಂತೇಲಿ ತೂಕದ ಲೆಕ್ಕದಲ್ಲಿ ಸಿಗೋ ಹೆಸರಿಲ್ಲದ್ದು ಬೇಡ, ಐಎಸ್‌ಐ ಗುರುತು ನೋಡಿ. ಸ್ಟೀಲ್ ತಗೊಳೋವಾಗ ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸ್ತಾರಲ್ಲ, ಅದನ್ನೂ ನಂಬ್ಕೋಬೇಡಿ. 304 ಅನ್ನೋ ಒಳ್ಳೇ ದರ್ಜೆ ಸ್ಟೀಲ್‌ಗೆ ಅಯಸ್ಕಾಂತ ಹಿಡಿಯಲ್ಲ ಸರಿ, ಕಡಿಮೆ ನಿಕ್ಕಲ್ ಇರೋ 202 ದರ್ಜೆಗೂ ಹಿಡಿಯಲ್ಲ.

ಕಾಫಿನಾಡು ರುಚಿ:
ಗೀರು ಬಿದ್ದ ತವಾ ಇವತ್ತೇ ಬಿಸಾಕಿ!! ಆ ಕೋಟಿಂಗ್ ಹೊಟ್ಟೆಗೆ ಹೋದ್ರೆ ಕ್ಯಾನ್ಸರ್.

ವೆಲ್ಡಿಂಗ್ ಅಣ್ಣ, ಬೇಲೂರು:
ಅಷ್ಟು ಹೆದರಿಸ್ಬೇಡಿ ಮೇಡಂ. ಚೂರು ಕೋಟಿಂಗ್ ಹೊಟ್ಟೆಗೆ ಹೋದ್ರೆ ಹಾಗೇ ಆಚೆ ಹೋಗುತ್ತೆ. ಕ್ಯಾನ್ಸರ್ ಮಾತು ಬಂದಿದ್ದು ಅದನ್ನ ತಯಾರಿಸೋಕೆ ಬಳಸ್ತಿದ್ದ ಪಿಎಫ್‌ಒಎ ಅನ್ನೋ ರಾಸಾಯನಿಕದಿಂದ, 2019ರಲ್ಲಿ ಅದನ್ನ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗದ ವಿಷ ರಾಸಾಯನಿಕಗಳನ್ನ ತಡೆಯೋಕೆ ದೇಶಗಳು ಮಾಡ್ಕೊಂಡಿರೋದು) ನಿಷೇಧದ ಪಟ್ಟಿಗೆ ಸೇರಿಸಿದ್ರು. ಭಯ ಪಡ್ಬೇಕಾದ್ದು ಕಾವಿಗೆ. ಸುಮಾರು 260 ಡಿಗ್ರಿ ದಾಟಿದ್ರೆ ಕೋಟಿಂಗ್ ಕೆಡೋಕೆ ಶುರು, ಇನ್ನೂ ಕಾದ್ರೆ ಬರೋ ಹೊಗೆಗೆ ಮನೇಲಿ ಸಾಕಿರೋ ಲವ್ ಬರ್ಡ್ಸ್ ಸತ್ತೇ ಹೋಗ್ತವೆ. ಬರೀ ತವಾನ ದೊಡ್ಡ ಉರಿಲಿ ಇಟ್ಟು ಮರೆತ್ರೆ ಕೆಲವೇ ನಿಮಿಷದಲ್ಲಿ ಅಷ್ಟು ಕಾಯುತ್ತೆ. ಗೀರು ಜಾಸ್ತಿ ಇದ್ರೆ ಬದಲಾಯಿಸೋದು ಒಳ್ಳೇದೇ, ಅದಕ್ಕೆ ನನ್ನ ಅಡ್ಡಿ ಇಲ್ಲ.

ಕೊಪ್ಪದ ಅಕ್ಕ:
ನಮ್ ಕಡೆ ಅಕ್ಕಿ ರೊಟ್ಟಿ ಎಣ್ಣೆ ಇಲ್ದೆ ಚೆನ್ನಾಗಿ ಕಾದ ಕಾವಲಿ ಮೇಲೆ ಸುಡೋದು, ಅದಕ್ಕೆ ನಾನ್‌ಸ್ಟಿಕ್ ಅಲ್ಲ, ಅತ್ತೆ ಕೊಟ್ಟ ಬೀಡಿನ ಕಾವಲಿನೇ ಸರಿ. ತುಕ್ಕು ಇದ್ರೆ ಒಂದ್ಸಲ ಗಸಗಸ ಉಜ್ಜಿ ತೊಳ್ದು, ಒಲೆ ಮೇಲೇ ಪೂರ್ತಿ ಒಣಗ್ಸಿ, ಎಣ್ಣೆ ಸವರಿ, ಬಟ್ಟೆಲಿ ಒರೆಸಿ ತೆಗ್ದುಬಿಡು, ಎಣ್ಣೆ ಇದ್ಯೋ ಇಲ್ವೋ ಅನ್ನೋ ಹಾಗಿರ್ಬೇಕು. ಆಮೇಲೆ ಹೊಗೆ ಬರೋವರೆಗೂ ಕಾಯ್ಸಿ ಆರಿಸು, ಹೀಗೆ ನಾಕೈದು ಸಲ. ಎಣ್ಣೆ ದಪ್ಪ ಹಚ್ಚಿದ್ರೆ ಅಂಟಂಟಾಗುತ್ತೆ, ದೋಸೆ ಏಳಲ್ಲ. ಕಾದಿದ್ದಾಗ ತಣ್ಣೀರು ಹಾಕ್ಬೇಡ, ಬೀಡು ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಸಿಂಕಲ್ಲಿ ಒಂದು ರಾತ್ರಿ ಬಿಟ್ರೂ ಬೆಳಿಗ್ಗೆಗೆ ಕೆಂಪಗಾಗಿರುತ್ತೆ, ತೊಳ್ದ ತಕ್ಷಣ ಒಲೆ ಮೇಲಿಟ್ಟು ಒಣಗ್ಸು.

ಮೂಡಿಗೆರೆ ಮಗಳು:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ತಪ್ಪಲೆ ಎತ್ತಿಟ್ಟೆ, ಬಸ್ಸಾರು ಸ್ಟೀಲ್ ಪಾತ್ರೆಲೇ. ಕಲಾಯಿ ಹಾಕೋರು ಹಾಸನದಲ್ಲಿ ಎಲ್ಲಿ ಸಿಗ್ತಾರೆ?

ವೆಲ್ಡಿಂಗ್ ಅಣ್ಣ, ಬೇಲೂರು:
ಹಳೇ ಹಿತ್ತಾಳೆ ಪಾತ್ರೆ ಅಂಗಡಿಯವರನ್ನ ಕೇಳಿ, ಅವ್ರಿಗೆ ಗೊತ್ತಿರುತ್ತೆ. ಕೊಟ್ಟು ಬರ್ಬೇಡಿ, ನಿಮ್ಮೆದುರಿಗೇ ಹಾಕ್ಸಿ.