ಪ್ರಶ್ನೋತ್ತರ: ವ್ಯಾಯಾಮದ ನಡುವೆ ವಿಶ್ರಾಂತಿ ಎಷ್ಟು ಬೇಕು?

ಫಿಸಿಯೋ: ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ವ್ಯಾಯಾಮ, ನೋವು, ವಿಶ್ರಾಂತಿ ಬಗ್ಗೆ ಕೇಳಿ, ಬಿಡುವಾದಾಗ ಉತ್ತರಿಸುತ್ತೇನೆ. ವಯಸ್ಸು, ಏನು ವ್ಯಾಯಾಮ, ನೋವು ಯಾವಾಗಿನಿಂದ, ಇಷ್ಟನ್ನು ತಪ್ಪದೆ ಬರೆಯಿರಿ.

ಹೊಸಬ: ಮೇಡಂ, ವಯಸ್ಸು 31. ಸೋಮವಾರ ಜಿಮ್ ಸೇರಿದೆ, ಸ್ಕ್ವಾಟ್ ಮಾಡಿಸಿದರು. ಇವತ್ತು ಬುಧವಾರ, ಮೆಟ್ಟಿಲು ಇಳಿಯೋಕೇ ಆಗ್ತಿಲ್ಲ. ಕಂಬಿ ಹಿಡ್ಕೊಂಡು ಅಡ್ಡಡ್ಡ ಇಳಿಯುತ್ತಿದ್ದೇನೆ. ಒಳಗೆ ಏನಾದರೂ ಹರಿದಿರಬಹುದಾ?

ಫಿಸಿಯೋ: ಎರಡೂ ತೊಡೆ ಒಂದೇ ಥರ ನೋಯುತ್ತಿದ್ದರೆ ಗಾಬರಿ ಬೇಡ. ಅಭ್ಯಾಸವಿಲ್ಲದ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಸಣ್ಣಪುಟ್ಟ ಗಾಯ ಆಗುತ್ತದೆ. ಅದರ ನೋವು 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಮೆಲ್ಲಗೆ ನಡೆದಾಡಿ. ಕಾಲಿಗೆ ಭಾರ ಹಾಕುವುದು ನೋವು ಇಳಿದ ಮೇಲೆ. ಆದರೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ಅಥವಾ ತೊಡೆ ಊದಿ ಗಟ್ಟಿಯಾದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ವಿಪರೀತ ಒಡೆದಾಗ ಅದರೊಳಗಿನ ಪ್ರೋಟೀನು ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸುತ್ತದೆ.

ಪುಟ್ಟನ ಅಮ್ಮ: ಹೆರಿಗೆಯಾಗಿ ಮೂರು ತಿಂಗಳು. ವ್ಯಾಯಾಮ ಯಾವಾಗ ಶುರು ಮಾಡಲಿ ಮೇಡಂ?

ಶುಭೋದಯ: ಬಂದಿದ್ದು ಹಾಕ್ತಿದ್ದೀನಿ. "ವ್ಯಾಯಾಮದ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ. ಮೂರು ಚಮಚ ಅಡುಗೆ ಸೋಡಾ ನೀರಲ್ಲಿ ಕದಡಿ ಕುಡಿಯಿರಿ. ಹತ್ತೇ ನಿಮಿಷದಲ್ಲಿ ಮಾಯ. ವಿಶ್ರಾಂತಿಯೇ ಬೇಡ. ಎಲ್ಲರಿಗೂ ಕಳಿಸಿ."

ಫಿಸಿಯೋ: ದಯವಿಟ್ಟು ಯಾರೂ ಕುಡಿಯಬೇಡಿ. ವ್ಯಾಯಾಮದಲ್ಲಿ ಹೆಚ್ಚಾದ ಲ್ಯಾಕ್ಟಿಕ್ ಆಸಿಡ್ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ರಕ್ತದಿಂದ ಹೋಗಿರುತ್ತದೆ. ಎರಡನೇ ದಿನದ ನೋವಿಗೆ ಅದು ಕಾರಣವೇ ಅಲ್ಲ. ಅಷ್ಟು ಸೋಡಾ ಅಂದರೆ ಅಷ್ಟೂ ಸೋಡಿಯಂ. ವಾಂತಿ, ಭೇದಿ ಆಗಬಹುದು. ಬಿಪಿ, ಕಿಡ್ನಿ ತೊಂದರೆ ಇದ್ದವರಿಗಂತೂ ಅಪಾಯ. ಆ ಮೆಸೇಜ್ ಅಳಿಸಿ.

ಸಂಜೆ ಜಿಮ್: ಮೈಕೈ ನೋವಿದ್ದರೂ ಜಿಮ್‌ಗೆ ಹೋಗಬಹುದಾ?

ಫಿಸಿಯೋ: ಹೊಸಬರಿಗೆ ಕೊಟ್ಟ ಉತ್ತರ ನೋಡಿ.

ಅಕ್ಕ: ಮೇಡಂ, ನನ್ನ ತಂಗಿಗೆ 22. ಹಾಫ್ ಮ್ಯಾರಥಾನ್‌ಗೆ ಅಂತ ವಾರದ ಏಳೂ ದಿನ ಓಡುತ್ತಾಳೆ. ಮೂರು ವಾರದಿಂದ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಂದೇ ಜಾಗದಲ್ಲಿ ನೋವು. ಬೆರಳಿಟ್ಟು ತೋರಿಸುತ್ತಾಳೆ, ಅಲ್ಲಿ ಒತ್ತಿದರೆ ಕಾಲು ಎಳ್ಕೊಳ್ತಾಳೆ. ಈಗ ರಾತ್ರಿ ಮಲಗಿದಾಗಲೂ ನೋವಂತೆ. ಶುರುವಿನಲ್ಲೇ ಎಕ್ಸ್‌ರೇ ತೆಗೆಸಿದೆವು, ಏನೂ ಇಲ್ಲ ಅಂದರು. ನೋವಿನ ಮಾತ್ರೆ ನುಂಗಿ ಓಡುತ್ತಿದ್ದಾಳೆ.

ಫಿಸಿಯೋ: ಮೊದಲು ಇದನ್ನು ಹೇಳಿ. ತೂಕ ಇಳಿಸೋಕೆ ಊಟ ಕಡಿಮೆ ಮಾಡಿದ್ದಾಳಾ? ಮುಟ್ಟು ಸರಿಯಾಗಿ ಆಗುತ್ತಿದೆಯಾ?

ಅಕ್ಕ: ರಾತ್ರಿ ಊಟ ಬಿಟ್ಟಿದ್ದಾಳೆ. ಮುಟ್ಟು ನಾಲ್ಕು ತಿಂಗಳಿಂದ ಇಲ್ಲ. ಓಡುವವರಿಗೆ ಹಾಗೇ ಆಗುತ್ತೆ ಅಂತಾಳೆ.

ಫಿಸಿಯೋ: ಇವತ್ತಿನಿಂದಲೇ ಓಟ ನಿಲ್ಲಿಸಬೇಕು. ನನಗೆ ಇದು ಎಲುಬಿನ ಸಣ್ಣ ಬಿರುಕು, ಅಂದರೆ ಸ್ಟ್ರೆಸ್ ಫ್ರಾಕ್ಚರ್ ಇರಬಹುದು ಅನ್ನಿಸುತ್ತಿದೆ. ಇಲ್ಲಿ ಕೂತು ಖಚಿತವಾಗಿ ಹೇಳೋಕಾಗಲ್ಲ. ಆದರೆ ನೀವು ಬರೆದ ಒಂದೊಂದು ಗುರುತೂ ಅದೇ ಕಡೆ ಕೈ ತೋರಿಸುತ್ತಿದೆ.

ಎಲುಬಿನ ಮೇಲೆ ಪದೇಪದೇ ಏಟು ಬಿದ್ದಾಗ ದೇಹ ಹಳೆಯ ಭಾಗವನ್ನು ಕೊರೆದು ತೆಗೆದು ಹೊಸದನ್ನು ತುಂಬುತ್ತದೆ. ಕೊರೆಯುವುದು ಬೇಗ, ತುಂಬುವುದು ನಿಧಾನ. ಆ ನಡುವಿನ ವಾರಗಳಲ್ಲಿ ಎಲುಬು ಮೊದಲಿಗಿಂತ ಬಲಹೀನ. ಆಗ ಬಿಡುವು ಕೊಟ್ಟರೆ ಗಟ್ಟಿಯಾಗುತ್ತದೆ. ದಿನಾ ಓಡಿದರೆ ಬಿರುಕು ಬೆಳೆಯುತ್ತದೆ, ಪೂರ್ತಿ ಮುರಿಯಲೂಬಹುದು. ಮೊಣಕಾಲ ಕೆಳಗಿನ ಎಲುಬಿನ ಮುಂಭಾಗದ ಬಿರುಕು ಕೂಡುವುದೇ ಕಷ್ಟ, ಅದಕ್ಕೇ ನನಗೆ ಆತಂಕ.

ಎಕ್ಸ್‌ರೇಯಲ್ಲಿ ಮೊದಲ ಎರಡು ಮೂರು ವಾರ ಏನೂ ಕಾಣದೇ ಇರಬಹುದು. ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ. ಮೂಳೆ ಡಾಕ್ಟರಿಗೆ ಮತ್ತೆ ತೋರಿಸಿ, ರಾತ್ರಿ ನೋವಿನ ವಿಷಯ ಬಿಡದೆ ಹೇಳಿ. ಮಾತ್ರೆ ನುಂಗಿ ಓಡುವುದು ಬೇಡ, ಎಚ್ಚರಿಸುವ ನೋವೇ ಮುಚ್ಚಿಹೋಗುತ್ತದೆ. ನಡೆದರೂ ನೋವಿದ್ದರೆ ಊರುಗೋಲು ಬಳಸಲಿ.

ಮುಟ್ಟು ನಿಂತಿರುವುದನ್ನು ಓಟದ ಸಹಜ ಗುಣ ಅನ್ನಬೇಡಿ. ಖರ್ಚಾದಷ್ಟು ಶಕ್ತಿ ಊಟದಿಂದ ಬರದಿದ್ದಾಗ ದೇಹ ಮುಟ್ಟನ್ನು ನಿಲ್ಲಿಸಬಹುದು. ಈಸ್ಟ್ರೋಜೆನ್ ಇಳಿಯುತ್ತದೆ, ಅದರ ಜೊತೆ ಎಲುಬೂ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಈ ಶಕ್ತಿಯ ಕೊರತೆಗೆ ರೆಡ್-ಎಸ್ ಅಂತ ಹೆಸರಿಟ್ಟರು. ಹುಡುಗರಿಗೂ ಇದು ಬರುತ್ತದೆ. ಮುಟ್ಟು ನಿಲ್ಲಲು ಬೇರೆ ಕಾರಣಗಳೂ ಇರಬಹುದು, ಹಾಗಾಗಿ ಸ್ತ್ರೀರೋಗ ತಜ್ಞರನ್ನೂ ಕಾಣಲಿ. ಮಗುವನ್ನು ಬೈಯಬೇಡಿ. ಜೊತೆಗೆ ಕೂರಿಸಿಕೊಂಡು ಊಟ ಮಾಡಿಸಿ.

ಕಬ್ಬಿಣದ ಕೈ: ಸುಮ್ನೆ ಹೆದರಿಸ್ತೀರಿ ಮೇಡಂ. ವಿಶ್ರಾಂತಿ ಅನ್ನೋದು ಸೋಮಾರಿಗಳ ಮಾತು. ನಾನು ಒಂದು ದಿನವೂ ತಪ್ಪಿಸಲ್ಲ.

ಬೆಳಗಿನ ಓಟ: ಆ ಹುಡುಗಿ ಕಥೆ ಓದಿದ ಮೇಲೂ ಹೀಗೆ ಹೇಳ್ತೀರಲ್ಲ ಸ್ವಾಮಿ.

ಕಬ್ಬಿಣದ ಕೈ: ಓಡೋದೇ ಬೇರೆ, ತೂಕ ಎತ್ತೋದೇ ಬೇರೆ. ನಿಮಗೆ ಜಿಮ್ ಬಗ್ಗೆ ಏನ್ರೀ ಗೊತ್ತು?

ಬೆಳಗಿನ ಓಟ: ಎಂಟು ತಿಂಗಳಿಂದ ಬೆಂಚ್ ಪ್ರೆಸ್‌ನಲ್ಲಿ ಒಂದು ಕಿಲೋ ಏರಿಲ್ಲ ಅಂತ ಹೋದ ವಾರ ಇಲ್ಲೇ ಗೋಳಾಡಿದ್ದು ಯಾರು?

ಕಬ್ಬಿಣದ ಕೈ: ಅದು ನನ್ನ ವಿಷಯ. ನಿಮ್ಮ ಕೆಲಸ ನೋಡ್ಕೊಳ್ಳಿ.

ಐಸ್ ಟಬ್: ವ್ಯಾಯಾಮ ಮುಗಿಸಿ ಐಸ್ ನೀರಲ್ಲಿ ಕೂತರೆ ಒಳ್ಳೇದಾ?

ಫಿಸಿಯೋ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಕಬ್ಬಿಣದ ಕೈ ಅವರೇ, ಭಾರ ಎತ್ತಿದ ಮೇಲೆ ಸ್ನಾಯು ತನ್ನನ್ನು ಕಟ್ಟಿಕೊಳ್ಳುವ ಕೆಲಸ ಒಂದೆರಡು ದಿನ ನಡೆಯುತ್ತದೆ. ಅದೇ ಸ್ನಾಯುವಿಗೆ ಸುಮಾರು 48 ಗಂಟೆ ಬಿಟ್ಟು ಮತ್ತೆ ಭಾರ ಕೊಡಿ. ಇವತ್ತು ಎದೆ, ನಾಳೆ ಕಾಲು ಅಂತ ಹಂಚಿಕೊಂಡರೂ ನಿದ್ದೆ ಏಳು ಗಂಟೆಗೆ ಕಡಿಮೆ ಆಗಬಾರದು. ಬೆಳಗ್ಗೆ ಏಳುವ ಮೊದಲು ನಾಡಿ ಎಣಿಸಿ. ಕೆಲವು ದಿನ ಮಾಮೂಲಿಗಿಂತ ಜಾಸ್ತಿ ಇದ್ದು, ನಿದ್ದೆ ಕೆಟ್ಟು, ಎಲ್ಲದಕ್ಕೂ ಸಿಡುಕು ಬರುತ್ತಿದ್ದರೆ ದೇಹ ಚೇತರಿಸಿಕೊಂಡಿಲ್ಲ ಅಂತ ಅನುಮಾನಿಸಬೇಕು. ಒಂದು ವಾರ ಅರ್ಧ ಮಾತ್ರ ಮಾಡಿ ನೋಡಿ. ಒಂದು ವಾರಕ್ಕೆ ಕಟ್ಟಿದ ಬಲ ಎಲ್ಲೂ ಹೋಗಲ್ಲ.

ಕಬ್ಬಿಣದ ಕೈ: ಸಿಡುಕು ನನಗಿಲ್ಲ. ಕೆಣಕೋರು ಜಾಸ್ತಿ.

ಚಳಿ: ಜ್ವರ 101 ಇದೆ. ಬೆವರು ಹರಿಸಿದರೆ ಇಳಿಯುತ್ತೆ ಅಂತಾರೆ, ಓಡಲಾ?

ಫಿಸಿಯೋ: ಬೇಡ. ಸೋಂಕು ಹೃದಯದ ಸ್ನಾಯುವಿಗೂ ಇಳಿದಿದ್ದರೆ ಜೀವಕ್ಕೇ ಅಪಾಯ. ಮಲಗಿ.

ಭಾನುವಾರ: ಮೈಕೈ ನೋವಿದ್ರೆ ಜಿಮ್ ಮಾಡಬಹುದಾ ಮೇಡಂ?

ಫಿಸಿಯೋ: ಮೇಲೆ ಓದಿ.

ಪುಟ್ಟನ ಅಮ್ಮ: ನನ್ನ ಪ್ರಶ್ನೆ ಕಾಣಿಸಲಿಲ್ಲ ಅನ್ಸುತ್ತೆ.

ಶುಭೋದಯ: ಸೋಡಾ ಕುಡಿದು ನಮ್ಮ ಭಾವನಿಗೆ ಗುಣ ಆಗಿದೆ. ಡಾಕ್ಟರುಗಳಿಗೆ ಮನೆಮದ್ದು ಕಂಡರೆ ಆಗಲ್ಲ.

ಫಿಸಿಯೋ: ಎರಡು ದಿನ ಕಾದಿದ್ದರೆ ಸೋಡಾ ಇಲ್ಲದೆಯೂ ಗುಣ ಆಗುತ್ತಿತ್ತು. ಇಲ್ಲಿ ಬಿಪಿ ಇರುವವರೂ ಓದುತ್ತಾರೆ. ಎರಡನೇ ಸಲ ಹೇಳುತ್ತಿದ್ದೇನೆ, ಅದನ್ನು ಅಳಿಸಿ. ಇಲ್ಲದಿದ್ದರೆ ಅಡ್ಮಿನ್ ಅಳಿಸಲಿ.

ಬೆಳಗಿನ ಓಟ: ತೆಗೀರಿ ಮೊದಲು. ಯಾರಾದರೂ ಕುಡಿದು ಬಿದ್ದರೆ ನೀವು ಬರ್ತೀರಾ?

ಶುಭೋದಯ: ಒಳ್ಳೇದು ಹೇಳಿದ್ರೂ ತಪ್ಪು. ಇನ್ಮೇಲೆ ಏನೂ ಹಾಕಲ್ಲ ಬಿಡಿ.

ಅಕ್ಕ: ಮೇಡಂ, ನಾಳೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿತು. ಅವಳು ಅಳುತ್ತಿದ್ದಾಳೆ. ಓಟ ಬಿಟ್ಟರೆ ಇಷ್ಟು ದಿನದ ಶ್ರಮ ಹಾಳು ಅಂತಾಳೆ. ಈಜಬಹುದಾ?

ಫಿಸಿಯೋ: ಡಾಕ್ಟರು ನೋಡಿ ಒಪ್ಪುವವರೆಗೆ ಅದೂ ಬೇಡ. ಬಿರುಕು ಇದ್ದರೆ ಆರರಿಂದ ಎಂಟು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ನೋವಿಲ್ಲದ ಹಂತದಲ್ಲಿ ಈಜಿನಿಂದ ದಮ್ಮು ಉಳಿಸಿಕೊಳ್ಳಬಹುದು. ಈ ಓಟ ತಪ್ಪಿದರೆ ಮುಂದಿನದು ಓಡುತ್ತಾಳೆ. ಅವಳಿಗೆ ನನ್ನ ಹತ್ತಿರ ಮಾತಾಡಬೇಕು ಅನ್ನಿಸಿದರೆ ಇವತ್ತು ರಾತ್ರಿಯೇ ನನಗೆ ಬೇರೆಯಾಗಿ ಮೆಸೇಜ್ ಮಾಡಲಿ.