ಸಹಾಯ ಬೇಕು: ಅಂಗಳದ ಕ್ರಿಸ್‌ಮಸ್ ಮರದ ಎತ್ತರ ತಗ್ಗಿಸಬೇಕು

ನಮಸ್ಕಾರ. ಮನೆ ಶಿರಸಿ ಹತ್ತಿರ. ಅಪ್ಪ ಕುಂಡದಲ್ಲಿ ತಂದು ಅಂಗಳದಲ್ಲಿ ನೆಟ್ಟ ಕ್ರಿಸ್‌ಮಸ್ ಗಿಡ, ಅದೇ ಅರಕೇರಿಯಾ, ಈಗ ಹಂಚಿನ ಮಾಡು ದಾಟಿ ಸುಮಾರು 30 ಅಡಿ ಬೆಳೆದಿದೆ. ಮಳೆಗಾಲದ ಗಾಳಿಗೆ ತುದಿ ಕರೆಂಟ್ ತಂತಿ ಕಡೆ ವಾಲುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ.

ಅಡಿಕೆ ಕೊಯ್ಯಲು ಬರುವ ಕೊನೆಗೌಡರು "ತುದಿ ಕಡಿದುಬಿಡುವಾ" ಅನ್ನುತ್ತಾರೆ. ಆದರೆ ಇದು ಮಾವು, ಹಲಸಿನ ಹಾಗಲ್ಲ ಅಲ್ವಾ? ತುದಿ ಹೋದರೆ ಪಕ್ಕದ ಕೊಂಬೆಗಳು ನೆಟ್ಟಗೆ ಏಳುವುದಿಲ್ಲ, ಆ ಅಂತಸ್ತು ಅಂತಸ್ತಿನ ಚೆಂದ ಮತ್ತೆ ಬರುವುದಿಲ್ಲ. ಕಡಿದ ಜಾಗದ ಹತ್ತಿರ ಎರಡು ಮೂರು ಚಿಗುರು ಎದ್ದರೆ ಒಂದನ್ನೇ ಉಳಿಸಿದರೆ ಸಾಕಾ? ಎಷ್ಟು ಅಡಿ ತೆಗೆಯಬಹುದು? ಮಳೆ ಮುಗಿದ ಮೇಲೆ ಮಾಡಿದರೆ ಒಳ್ಳೆಯದಾ? ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿಯೇ ಹತ್ತಿಸುತ್ತೇನೆ.

ಅಪ್ಪ ಈಗಿಲ್ಲ. ಬುಡಸಮೇತ ಕಡಿಸಲು ಮನಸ್ಸಿಲ್ಲ. ಮಾಡಿಸಿದ ಅನುಭವ ಇದ್ದವರು ದಯವಿಟ್ಟು ಹೇಳಿ.